ತೆಗೆದದ್ದನ್ನು ಬಾಗಿಲಲ್ಲಿ ತೋರಿಸುವ ಪದ್ಧತಿ

ಗಂಡಸು ಆಸ್ಪತ್ರೆಗೆ ಬಂದು ಹೊಟ್ಟೆ ನೋವು ಎಂದರೆ ನಾನು ಮೊದಲು ಅವನ ಕೈ ನೋಡುತ್ತಿದ್ದೆ. ನಿಜಕ್ಕೂ ಹೊಟ್ಟೆ ನೋಯುವವನು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡೇ ಒಳಗೆ ಬರುತ್ತಾನೆ. ಬೇರೆಡೆ ತೊಂದರೆ ಇರುವವನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ನನ್ನ ತಲೆಯ ಮೇಲಿನ ಗೋಡೆ ನೋಡುತ್ತ ಮಾತಾಡುತ್ತಾನೆ. ಔರಾದ, ಭಾಲ್ಕಿ, ಕೊನೆಗೆ ಬೀದರ, ಹೀಗೆ ಮೂರು ಊರಲ್ಲಿ ನನ್ನ ನೌಕರಿ ಮುಗಿಯಿತು. ಈಗ ಮೈಲೂರಿನ ಮನೆಯಲ್ಲಿ ಕೂತು, ನಮ್ಮ ಜಿಲ್ಲೆಗೆ ಹೊಸದಾಗಿ ಬರುವ ಸರ್ಜನ್ ಹುಡುಗ ಹುಡುಗಿಯರಿಗಾಗಿ ಒಂದೇ ಒಂದು ಕಾಯಿಲೆಯ ಬಗ್ಗೆ ಬರೆಯುತ್ತಿದ್ದೇನೆ. ನಾವು ಓದಿದ ಪುಸ್ತಕದಲ್ಲಿ ದೊಡ್ಡವರಲ್ಲಿ ಬರುವ ಈ ತೊಂದರೆಗೆ ಕೊಟ್ಟದ್ದು ಅರ್ಧ ಪುಟ. ನನಗೆ ಅದು ನೌಕರಿಯುದ್ದಕ್ಕೂ ಅಂಜಿಕೆ ಕೊಟ್ಟಿತು.

ವೃಷಣ ಕೆಳಗಿಳಿಯದೇ ಇರುವುದು. ಗಂಡುಮಗು ತಾಯಿಯ ಹೊಟ್ಟೆಯಲ್ಲಿರುವಾಗಲೇ ಅದರ ಬೀಜಗಳೆರಡೂ ಹೊಟ್ಟೆಯೊಳಗಿಂದ ಕೆಳಗಿನ ಚೀಲಕ್ಕೆ ಇಳಿಯಬೇಕು. ಕೆಲವು ಮಕ್ಕಳಲ್ಲಿ ಒಂದು ದಾರಿಯಲ್ಲೇ ನಿಂತುಬಿಡುತ್ತದೆ. ಕೂಸಿದ್ದಾಗಲೇ ಆಪರೇಶನ್ ಮಾಡಿ ಇಳಿಸಿದರೆ ಮುಗಿಯಿತು. ನಮ್ಮ ಕಡೆ ಎಣ್ಣೆ ಹಚ್ಚಿ ಎರೆಯುವಾಗ ತಾಯಿಗೆ ಗೊತ್ತಾಗುತ್ತದೆ, ತಾನೇ ಇಳಿದೀತು ಎಂದು ಆಕೆ ಸುಮ್ಮನಾಗುತ್ತಾಳೆ. ಹುಡುಗ ತಾನೇ ಸ್ನಾನ ಮಾಡುವ ವಯಸ್ಸಿಗೆ ಬಂದ ಮೇಲೆ ಯಾರೂ ನೋಡುವುದಿಲ್ಲ. ಮೀಸೆ ಬಂದ ಮೇಲೆ ಅವನು ಯಾರಿಗೂ ಹೇಳುವುದಿಲ್ಲ. ಅಷ್ಟರಲ್ಲಿ ಮೈಯ ಕಾವಿನಲ್ಲಿ ಕೂತ ಆ ಬೀಜ ಕೆಲಸ ಬಿಟ್ಟಿರುತ್ತದೆ. ಕೆಲಸ ಬಿಟ್ಟು ಸುಮ್ಮನಿದ್ದರೆ ಚಿಂತೆ ಇರಲಿಲ್ಲ. ಕೆಲವರಲ್ಲಿ ಅದು ಗಡ್ಡೆಯಾಗುತ್ತದೆ, ಕ್ಯಾನ್ಸರ್ ಗಡ್ಡೆ.

ನಾನು ಸ್ವಭಾವತಃ ಅಂಜುಬುರುಕ. ಜೊತೆಯ ಡಾಕ್ಟರುಗಳು ನನಗೆ ಮುಖದ ಮೇಲೆಯೇ ಹಾಗೆ ಅನ್ನುತ್ತಿದ್ದರು, ಚಾ ಕುಡಿಯುವಾಗ ನನ್ನ ಅಂಜಿಕೆಗಳನ್ನು ಎಣಿಸಿ ನಗುತ್ತಿದ್ದರು. ನಗಲಿ. ಸರ್ಜನ್‌ಗೆ ಅಂಜಿಕೆ ಇರಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಅದು ಕೈಗೆ ಇಳಿಯಬಾರದು, ಅಷ್ಟೇ.

ಔರಾದಿನಲ್ಲಿ ನಾನಿನ್ನೂ ಹೊಸಬನಿದ್ದಾಗ ಒಬ್ಬ ಲಾರಿ ಡ್ರೈವರ್ ಬಂದ. ಮೂವತ್ತು ದಾಟಿದ ಗಟ್ಟಿ ಆಳು. ಬೆನ್ನು ನೋವು ಎಂದ. ಅಂಗಿ ಎತ್ತಿಸಿದರೆ ಸೊಂಟದ ಕೆಳಗೆ ಚರ್ಮದ ಪಟ್ಟಾ, ತೊಡೆಸಂದಿಯ ಮೇಲೆ ಒತ್ತಿ ಕಟ್ಟುವ ಹರ್ನಿಯಾ ಬೆಲ್ಟು. ವರ್ಷಗಳ ಹಿಂದೆ ಅಲ್ಲೊಂದು ಗಂಟು ಇತ್ತಂತೆ. ಯಾರೋ ಹರ್ನಿಯಾ ಎಂದರಂತೆ, ಯಾರಿಗೂ ತೋರಿಸದೆ ಅಂಗಡಿಗೆ ಹೋಗಿ ಬೆಲ್ಟು ಕೊಂಡನಂತೆ.

"ಈಗ ಗಂಟು ಕಾಣಂಗಿಲ್ರಿ. ಬೆಲ್ಟು ಮಸ್ತ್ ಕೆಲಸ ಮಾಡ್ಯಾದ," ಎಂದು ಅವನು ಹೆಮ್ಮೆಯಿಂದ ಹೇಳಿದ.

ನಾನು ಹೊಟ್ಟೆ ಮುಟ್ಟಿದೆ. ಹೊಕ್ಕುಳಿನ ಹಿಂದೆ ಆಳದಲ್ಲಿ ಏನೋ ಗಟ್ಟಿ ಸಿಕ್ಕಿತು, ಒತ್ತಿದರೆ ಸರಿಯಲಿಲ್ಲ. ಕೆಳಗೆ ನೋಡಿದರೆ ಚೀಲದಲ್ಲಿ ಒಂದೇ ಬೀಜ. ಅವನು ಇಷ್ಟು ವರ್ಷ ಒತ್ತಿ ಕಟ್ಟಿದ್ದು ಹರ್ನಿಯಾವನ್ನಲ್ಲ, ಇಳಿಯದ ಬೀಜವನ್ನು; ಅದರ ಗಡ್ಡೆ ಈಗ ಹೊಟ್ಟೆಗೆ ಹಬ್ಬಿತ್ತು. ಅವತ್ತೇ ಹೈದರಾಬಾದಿಗೆ ಕಳಿಸಿದೆ. ಅವನು ಮತ್ತೆ ಲಾರಿ ಹತ್ತಲಿಲ್ಲ. ಅವನ ಅಣ್ಣ ಆ ಬೆಲ್ಟು ಹಿಡಿದುಕೊಂಡು ಬಂದು, "ಇದನ್ನ ಕಟ್ಟಿದ್ದಕ್ಕ ಹಿಂಗಾತೇನ್ರಿ?" ಎಂದು ಕೇಳಿದ. ಬೆಲ್ಟಿನಿಂದ ಆಗಿದ್ದಲ್ಲ, ಹೇಳದೇ ಇದ್ದದ್ದರಿಂದ ಆಗಿದ್ದು ಎಂದು ಹೇಳುವ ಧೈರ್ಯ ನನಗೆ ಬರಲಿಲ್ಲ. ಅಲ್ಲಿಂದ ಮುಂದೆ ಬೆಲ್ಟು ಕಟ್ಟಿದ ಯಾವ ಗಂಡಸು ಬಂದರೂ ನಾನು ಮೊದಲು ಅದನ್ನು ಬಿಚ್ಚಿಸಿ ನೋಡುತ್ತಿದ್ದೆ.

ಭಾಲ್ಕಿಗೆ ಬಂದಾಗ ನನ್ನ ಮೇಲಿನವರು ದೇಶಪಾಂಡೆ ಸರ್. ಹಳೆಯ ಕಾಲದ ಸರ್ಜನ್, ಮಾತು ಕಡಿಮೆ, ಬೈಗುಳ ಹೆಚ್ಚು. ದೊಡ್ಡವರಲ್ಲಿ ಕೂಡ ಅವರು ಬೀಜವನ್ನು ಕೆಳಗೆ ಎಳೆದು ತರುತ್ತಿದ್ದರು. ಅದು ಮತ್ತೆ ಮೇಲೆ ಹೋಗದಂತೆ ದಾರ ಹಾಕಿ, ಆ ದಾರವನ್ನು ತೊಡೆಗೆ ಕಟ್ಟಿ, ರೋಗಿಯನ್ನು ದಿನಗಟ್ಟಲೆ ಮಲಗಿಸುತ್ತಿದ್ದರು. ರೋಗಿ ಕೆಮ್ಮಿದರೂ ಕಿರುಚುತ್ತಿದ್ದ. ಇಷ್ಟೆಲ್ಲ ಮಾಡಿದರೂ ಬಹಳ ಸಲ ಅದು ಒಣಗಿ ಹೋಗುತ್ತಿತ್ತು. ಆಮೇಲೆ ಸೋನೋಗ್ರಫಿ ಬಂತು, ದುರ್ಬೀನು ಹಾಕಿ ಹೊಟ್ಟೆಯೊಳಗೆ ಹುಡುಕುವುದು ಬಂತು, ದಾರ ಕಟ್ಟುವುದು ನಿಂತಿತು. ದೊಡ್ಡವನಲ್ಲಿ ಒಂದು ಕಡೆ ಮಾತ್ರ ಮೇಲಿದ್ದು, ಅದು ಸೊರಗಿ, ಇನ್ನೊಂದು ಸರಿಯಾಗಿದ್ದರೆ ಮೇಲಿನದನ್ನು ತೆಗೆದುಬಿಡುವುದೇ ಒಳ್ಳೆಯದು ಎಂಬ ತೀರ್ಮಾನಕ್ಕೆ ನಾವೆಲ್ಲ ಬಂದೆವು. ಬರೆಯಲು ಸುಲಭ. ಕಟ್ಟುಮಸ್ತಾದ ಗಂಡಸಿನ ಎದುರು ಕೂತು ಹೇಳಿ ನೋಡಿ, ಆಗ ಗೊತ್ತಾಗುತ್ತದೆ.

ದೇಶಪಾಂಡೆ ಸರ್ ಬಿಟ್ಟು ಹೋದ ಇನ್ನೊಂದು ಪದ್ಧತಿ ಟ್ರೇ. ಆಪರೇಶನ್‌ನಲ್ಲಿ ಮೈಯಿಂದ ಏನು ತೆಗೆದರೂ ಅದನ್ನು ಸ್ಟೀಲ್ ಟ್ರೇಯಲ್ಲಿಟ್ಟು, ಥಿಯೇಟರ್ ಬಾಗಿಲಲ್ಲಿ ರೋಗಿಯ ಮನೆಯವರಿಗೆ ತೋರಿಸಿಯೇ ಒಳಗೆ ತರಬೇಕು. ಯಾಕೆಂದರೆ ಆಗ ನಮ್ಮ ಕಡೆ ಹಳ್ಳಿಗಳಲ್ಲಿ ಒಂದು ಅಂಜಿಕೆ ಹಬ್ಬಿತ್ತು. ಮೂರ್ಛೆ ಮಾಡಿ ಕಿಡ್ನಿ ಕದಿಯುತ್ತಾರೆ ಅಂತ. ಅದಕ್ಕಿಂತ ಹಳೆಯದು ನಸಬಂದಿಯ, ಅಂದರೆ ಸಂತಾನಹರಣ ಆಪರೇಶನ್ನಿನ ಅಂಜಿಕೆ, ಹರ್ನಿಯಾ ಅಂತ ಕರೆದು ಗಂಡಸುತನ ತೆಗೀತಾರ ಅಂತ. ಟ್ರೇ ಶುರುವಾದ ಮೇಲೆ ಮಾತು ನಿಂತಿತು. ಟ್ರೇ ಹೊತ್ತು ಹೋಗುವವನು ಥಿಯೇಟರಿನ ಅಟೆಂಡರ್ ಖಾಸಿಂ. "ನೋಡ್ರಿ, ಇದೇ ತೆಗದಾರ, ಮತ್ತೇನೂ ಇಲ್ಲ," ಎಂದು ಖುಲ್ಲಾ ಹೇಳುವುದು ಅವನಿಗೆ ದೊಡ್ಡ ಅಭಿಮಾನದ ಕೆಲಸ. ಜನ ನಮ್ಮನ್ನು ನಂಬಿದ್ದಕ್ಕಿಂತ ಖಾಸಿಂನನ್ನು ನಂಬಿದ್ದೇ ಹೆಚ್ಚು.

ಆ ಟ್ರೇ ನನ್ನನ್ನು ಅಂಜಿಸಿದ್ದು ಬೀರಪ್ಪ ಬಂದಾಗ.

ಬೀರಪ್ಪ ಭಾಲ್ಕಿ ತಾಲೂಕಿನ ಮೆಹಕರದವನು. ಕುರಿ ಸಾಕುವ ಮನೆತನ, ತಾನು ಮಾತ್ರ ಟ್ರ್ಯಾಕ್ಟರ್ ರಿಪೇರಿ ಕಲಿತಿದ್ದ. ಅವನನ್ನು ಕರೆದುಕೊಂಡು ಬಂದವರು ಅವನ ಮಾವ, ಅಂದರೆ ಹೆಂಡತಿಯ ತಂದೆ, ಮಾಳಪ್ಪ. ಔರಾದ ಕಡೆ ಹಿಂಡು ಕಾಯುವ ಹಿರಿಯ. ಹೆಗಲ ಮೇಲೆ ಕಂಬಳಿ, ತಲೆಗೆ ರುಮಾಲು. ಅಳಿಯ ಕೈ ಹಿಂದೆ ಕಟ್ಟಿಕೊಂಡು ಗೋಡೆ ನೋಡುತ್ತಿದ್ದ.

"ಹೊಟ್ಟಿ ನೋಯ್ತದ್ರಿ," ಎಂದ ಅಳಿಯ.

"ಹರ್ನಿಯಾ ಅಂತಾನ್ರಿ ಸಾಹೇಬ್ರ," ಎಂದರು ಮಾವ. "ಇಂಜಿನ್ ಎತ್ತತಾನ, ಹೇಳಿದ್ರ ಕೇಳಂಗಿಲ್ಲ."

ಮಾಳಪ್ಪನವರನ್ನು ಹೊರಗೆ ಕೂರಿಸಿ ಪರದೆ ಎಳೆದೆ. ಎಡಗಡೆ ತೊಡೆಸಂದಿಯ ಮೇಲೆ ಅಡಿಕೆಯಷ್ಟು ಗಂಟು. ಚೀಲದ ಎಡಭಾಗ ಖಾಲಿ.

"ಎಂದಿಂದ ಹಿಂಗ ಅದ?" ಎಂದು ಕೇಳಿದೆ.

ಅವನು ಕಣ್ಣು ಮುಚ್ಚಿಕೊಂಡ. "ಹುಟ್ಟಿದಾಗಿಂದ್ರಿ. ನಮ್ಮವ್ವಗ ಗೊತ್ತಿತ್ತು. ಆಕಿ ತೀರಿ ಹೋದ್ಳು."

"ಹೆಂಡತಿಗೆ?"

"ಇಲ್ರಿ. ನಾ ದೀಪ ಆರಸ್ತೀನ್ರಿ. ಒಂದು ಹೆಣ್ಣು ಕೂಸು ಅದ್ರಿ ನಮಗ."

ಸೋನೋಗ್ರಫಿ ಮಾಡಿಸಿದೆ. ಬೀಜ ಸಣ್ಣದಿತ್ತು, ಒಳಗೆ ಒಂದು ಕಡೆ ಕಪ್ಪು ಚುಕ್ಕೆ. ಆ ಚುಕ್ಕೆ ನೋಡಿದ ಕೂಡಲೇ ನನಗೆ ಔರಾದಿನ ಡ್ರೈವರ್‌ನ ಬೆಲ್ಟು ನೆನಪಾಯಿತು. ಬೀರಪ್ಪನಿಗೆ ಎಲ್ಲ ಬಿಡಿಸಿ ಹೇಳಿದೆ. ಇದನ್ನು ತೆಗೆಯಬೇಕು, ತಡ ಮಾಡಿದರೆ ಜೀವಕ್ಕೆ ಬಂದೀತು, ಉಳಿದ ಒಂದು ಸಂಸಾರಕ್ಕೂ ಮಕ್ಕಳಿಗೂ ಸಾಕು ಅಂತ. ಅವನು ತಲೆ ಎತ್ತದೆ ಕೇಳಿಸಿಕೊಂಡ. ಕ್ಯಾನ್ಸರ್ ಎಂಬ ಮಾತಿಗೂ ಅವನ ಮುಖ ಬದಲಾಗಲಿಲ್ಲ.

"ತೆಗೀರಿ," ಎಂದ ಕೊನೆಗೆ. "ಖರೆ, ಹೊರಗ ತೋರಸಬ್ಯಾಡ್ರಿ."

ಟ್ರೇಯ ವಿಷಯ ಅವನಿಗೂ ಗೊತ್ತಿತ್ತು. ಭಾಲ್ಕಿಯಲ್ಲಿ ಯಾರಿಗೆ ಗೊತ್ತಿರಲಿಲ್ಲ?

"ನಮ್ಮ ಮಾವ ಹುಟ್ಟಿದಾಗಿಂದ ಕುರಿಯಾಗ ಇದ್ದಾಂವ್ರಿ. ನೋಡಿದ ಕೂಡ್ಲೆ ಏನಂತ ಗುರುತು ಹಿಡೀತಾನ. ಒಂಟಿ ಬೀಜದ ಟಗರನ್ನ ನಾವು ಹಿಂಡಿನಾಗ ಇಟ್ಕೊಳ್ಳಂಗಿಲ್ರಿ, ಮಾರಿಬಿಡ್ತೀವಿ. ಅಂವಗ ಗೊತ್ತಾತಂದ್ರ ಮಂದಿಗೂ ಗೊತ್ತಾಗ್ತದ. ಮಂದಿ ಏನಂತಾರ ಗೊತ್ತದೇನ್ರಿ? ಹಂಗಾದ್ರ ಆ ಕೂಸು ಯಾರದು ಅಂತಾರ."

ತನ್ನ ಜೀವಕ್ಕೆ ಅಂಜದ ಮನುಷ್ಯ ಹೆಂಡತಿಯ, ಮಗಳ ಹೆಸರಿಗೆ ಅಂಜಿ ನಡುಗುತ್ತಿದ್ದ. ತೋರಿಸುತ್ತೇವೆ ಎಂದರೆ ಅವನು ಎದ್ದು ಹೋಗುತ್ತಿದ್ದ, ಆ ಚುಕ್ಕೆಯನ್ನು ಹೊತ್ತುಕೊಂಡೇ. ತೋರಿಸದೇ ಇದ್ದರೆ ಮಾವನಿಗೆ ಕಿಡ್ನಿಯ ಅನುಮಾನ ಬರುತ್ತಿತ್ತು, ಸಂಜೆಯೊಳಗೆ ಅದು ಮೂರು ತಾಲೂಕು ಸುತ್ತುತ್ತಿತ್ತು.

ಯೋಚಿಸಿ ಒಂದು ದಾರಿ ಹುಡುಕಿದೆ. ಕೆಳಗಿಳಿಯದ ಬೀಜದ ಜೊತೆ ಬಹಳ ಸಲ ಹರ್ನಿಯಾದ ಚೀಲವೂ ಇರುತ್ತದೆ, ತೆಳ್ಳನೆಯ ಪೊರೆ. ಅದನ್ನೂ ಕತ್ತರಿಸಿ ತೆಗೆಯುತ್ತೇವೆ. ಆ ಪೊರೆಯನ್ನಷ್ಟೇ ಟ್ರೇಯಲ್ಲಿಟ್ಟು ಹರ್ನಿಯಾ ಎಂದು ತೋರಿಸುವುದು. ಅದು ಸುಳ್ಳೂ ಅಲ್ಲ. ಬೀಜ ಇನ್ನೊಂದು ಟ್ರೇಯಲ್ಲಿ, ಬಟ್ಟೆ ಮುಚ್ಚಿ, ಸೀದಾ ಲ್ಯಾಬಿಗೆ. ಬೀರಪ್ಪನಿಗೆ ಹೇಳಿದಾಗ ಅವನು ನನ್ನ ಎರಡೂ ಕೈ ಹಿಡಿದುಕೊಂಡ. ಸಿಸ್ಟರ್‌ಗೆ ಎಲ್ಲ ತಿಳಿಸಿದೆ. ಖಾಸಿಂಗೆ ಮಾತ್ರ, ಮೊದಲನೇ ಟ್ರೇ ತೋರಿಸು ಎಂದಷ್ಟೇ ಹೇಳಿದೆ. ಗುಟ್ಟು ತಿಳಿದವರು ಕಡಿಮೆ ಇದ್ದಷ್ಟೂ ಒಳ್ಳೆಯದು ಎಂಬ ಲೆಕ್ಕ ನನ್ನದು.

ಈ ಆಪರೇಶನ್‌ನಲ್ಲಿ ಬೆನ್ನಿಗೆ ಸೂಜಿ ಕೊಟ್ಟು ಸೊಂಟದ ಕೆಳಗೆ ಮಾತ್ರ ಜೋಮು ಹಿಡಿಸುತ್ತೇವೆ. ರೋಗಿಗೆ ಎಚ್ಚರವಿರುತ್ತದೆ. ಎದೆಯ ಮೇಲೆ ಹಸಿರು ಬಟ್ಟೆಯ ಅಡ್ಡ, ಆಚೆಗೆ ಅವನ ಮುಖ. ಬೀರಪ್ಪ ಶುರುವಿನಿಂದಲೂ ಬಾಗಿಲ ಕಡೆ ಕತ್ತು ಹೊರಳಿಸಿ ಮಲಗಿದ್ದ. ನಾನು ಬಿಡಿಸಿ ನೋಡಿದೆ. ಬೀಜ ಸಣ್ಣದು, ಒಂದು ಮಗ್ಗುಲಿಗೆ ಗಟ್ಟಿ. ನರ ರಕ್ತನಾಳಗಳ ಬಳ್ಳಿಯನ್ನು ಮೇಲೆಯೇ ಕಟ್ಟಿ ಕತ್ತರಿಸಿ, ಇಡಿಯಾಗಿ ತೆಗೆದು ಎರಡನೇ ಟ್ರೇಯಲ್ಲಿಟ್ಟೆ. ಪೊರೆ ಮೊದಲನೇ ಟ್ರೇಯಲ್ಲಿತ್ತು. ಖಾಸಿಂ ಅದನ್ನು ಹೊತ್ತು ಹೋದ, ಬಾಗಿಲ ಬುಡದಲ್ಲಿ ಅವನ ಎಂದಿನ ಮಾತು ಕೇಳಿಸಿತು. ವಾಪಸು ಬಂದ. ನಾನು ಉಸಿರು ಬಿಟ್ಟು ಹೊಲಿಗೆ ಶುರು ಮಾಡಿದೆ.

ಸ್ವಲ್ಪ ಹೊತ್ತಾದ ಮೇಲೆ ಬೀರಪ್ಪ ಕೇಳಿದ, "ಸಾಹೇಬ್ರ, ಬಾಗಲಾ ಮತ್ಯಾಕ ತೆರದ್ರು?"

ತಿರುಗಿ ನೋಡಿದೆ. ಟ್ರಾಲಿಯ ಮೇಲೆ ಎರಡನೇ ಟ್ರೇ ಇರಲಿಲ್ಲ. ಸಿಸ್ಟರ್ ದಾರ ತರಲು ಕಪಾಟಿನ ಕಡೆ ಹೋಗಿದ್ದಳು. ನನ್ನ ಕೈಯಲ್ಲಿ ಸೂಜಿ, ಎದುರಿಗೆ ತೆರೆದ ಗಾಯ. ಬಿಟ್ಟು ಓಡುವಂತಿಲ್ಲ, ಕೂಗುವಂತೆಯೂ ಇಲ್ಲ. ಕೂಗಿದರೆ ಬೀರಪ್ಪನಿಗೆ ತಿಳಿಯುತ್ತದೆ. ಹೊರಗೆ ಖಾಸಿಂನ ದನಿ ಕೇಳಿತು, ಆಮೇಲೆ ಏನೂ ಕೇಳಲಿಲ್ಲ. ಯಾರೂ ಮಾತಾಡದ ಆ ಹೊತ್ತಿನಲ್ಲಿ ನಾನು ಅಂಜಿದಷ್ಟು ರಕ್ತ ಚಿಮ್ಮಿದ ಯಾವ ಕೇಸಿನಲ್ಲೂ ಅಂಜಿಲ್ಲ.

"ಸಾಹೇಬ್ರ, ಏನು ತೋರ್ಸ್ಲತ್ತಾರ್ರಿ?" ಅವನ ದನಿ ಸಣ್ಣಗಾಗಿತ್ತು.

"ಚರ್ಬಿ ತೋರಸ್ತಾನ. ಸುಮ್ನ ಮಲಗು," ಎಂದೆ. ಹೊಲಿಗೆ ಮುಗಿಸಿದೆ. ಅಂಜಿಕೆ ಕೈಗೆ ಇಳಿಯಲಿಲ್ಲ.

ಹೊರಗೆ ಬಂದರೆ ಖಾಸಿಂ ಬಾಗಿಲಲ್ಲೇ ನಿಂತಿದ್ದ. "ಸಾಬ್, ಹಿರಿಯರು ಇಷ್ಟೇ ಏನು, ಮತ್ತೇನು ತೆಗದ್ರಿ ಅಂತ ಕೇಳಿದ್ರು. ನಾ ಯಾವತ್ತಾದ್ರೂ ಮುಚ್ಚಿಟ್ಟೀನೇನ್ರಿ?" ಎಂದ. ಅವನ ಮೇಲೆ ಸಿಟ್ಟು ಮಾಡುವುದಕ್ಕೂ ಆಗಲಿಲ್ಲ. ಇಷ್ಟು ವರ್ಷ ನಾವೇ ಕಲಿಸಿದ ಪ್ರಾಮಾಣಿಕತೆ ಅದು.

ಮಾಳಪ್ಪ ಗೋಡೆಗೆ ಒರಗಿ ನಿಂತಿದ್ದರು. ಟ್ರೇ ಅವರ ಕೈಯಲ್ಲಿತ್ತು. ತಲೆಯ ರುಮಾಲು ಬಿಚ್ಚಿ ಅದರ ಮೇಲೆ ಮುಚ್ಚಿದ್ದರು.

"ಇದು ಹರ್ನಿಯಾ ಏನ್ರಿ?" ಎಂದರು.

"ಮಾಂಸದ ಗಂಟು ಅದು, ಹಿರಿಯರ," ಎಂದು ಶುರು ಮಾಡಿದೆ.

"ನನ್ನ ಮುಂದ ಬ್ಯಾಡ್ರಿ ಸಾಹೇಬ್ರ. ನನ್ನ ಇಡೀ ಜಲ್ಮ ಕುರಿಯಾಗ ಹೋಗ್ಯಾದ." ಅವರು ಮೆಟ್ಟಿಲಿನ ಕಡೆ ನೋಡಿದರು. "ಮಗಳು ಕೂಸಿನ್ನ ಎತ್ಕೊಂಡು ಚಾ ತರ್ಲಾಕ ಕೆಳಗ ಹೋಗ್ಯಾಳ. ಆಕಿ ಬರೂದ್ರಾಗ ಇದನ್ನ ಒಳಗ ಒಯ್ರಿ."

ನಾನೇ ಟ್ರೇ ಇಸಿದುಕೊಂಡೆ. ಒಳಗೆ ಕೊಟ್ಟು ಮತ್ತೆ ಹೊರಗೆ ಬಂದೆ.

"ಯಾಕ ತೆಗದ್ರಿ?"

"ಗಡ್ಡಿ ಆಗ್ಯಾದೇನೋ ಅಂತ ಅನುಮಾನ ಅದ. ಬಿಟ್ರ ಜೀವಕ್ಕ ಧೋಕಾ."

"ಇನ್ನೊಂದು?"

"ಛಲೋ ಅದ."

ಅವರು ಕಂಬಳಿಯನ್ನು ಹೆಗಲ ಮೇಲೆ ಸರಿಮಾಡಿಕೊಂಡರು. ನಾನು ಕಾಯುತ್ತಿದ್ದೆ. ಮಗಳನ್ನು ಕರೆದುಕೊಂಡು ಹೋಗುತ್ತೇನೆ ಎನ್ನುತ್ತಾರೋ, ಕೂಸಿನ ಮಾತು ತೆಗೆಯುತ್ತಾರೋ ಎಂದು ಎದೆ ಗಟ್ಟಿ ಮಾಡಿಕೊಂಡಿದ್ದೆ.

"ಒಂಟಿ ಬೀಜದ ಟಗರಿಗೂ ಮರಿ ಆಗ್ತಾವ್ರಿ," ಎಂದರು. "ಮಂದಿಗಿ ಗೊತ್ತಿರಂಗಿಲ್ಲ. ನಾ ನೋಡೀನಂತ ಅಂವಗ ಹೇಳಬ್ಯಾಡ್ರಿ. ಅಂಜಿ ಸತ್ತಾನು."

ಲ್ಯಾಬಿನ ವರದಿ ಬೀದರಿನಿಂದ ಬರುವ ತನಕ ನನಗೆ ಊಟ ರುಚಿಸಲಿಲ್ಲ. ಬಂತು. ಗಡ್ಡೆ ಶುರುವಾಗಿತ್ತು, ಆದರೆ ಹೊರಗೆ ದಾಟಿರಲಿಲ್ಲ. ಹೈದರಾಬಾದಿನಲ್ಲಿ ಹೊಟ್ಟೆಯ ಸ್ಕ್ಯಾನ್ ಮಾಡಿಸಿದೆವು, ಅದೂ ಸ್ವಚ್ಛವಿತ್ತು. ನನಗೆ ಅಳು ಬಂತು ಎಂದು ಬರೆಯಲು ನಾಚಿಕೆ ಇಲ್ಲ. ಆದರೆ ಈ ಕಾಯಿಲೆ ಅಲ್ಲಿಗೆ ಮುಗಿಯುವುದಿಲ್ಲ. ಸ್ಕ್ಯಾನ್, ರಕ್ತ ಪರೀಕ್ಷೆ ಆಗುತ್ತಿರಬೇಕು, ಉಳಿದ ಇನ್ನೊಂದನ್ನೂ ನೋಡುತ್ತಿರಬೇಕು, ಯಾಕೆಂದರೆ ಅದಕ್ಕೂ ಬರಬಹುದು. ಮೈ ಸುಧಾರಿಸಿದ ಗಂಡಸು ತಪಾಸಣೆಗೆ ಬರುವುದಿಲ್ಲ. ಅದು ನನ್ನ ಹೊಸ ಅಂಜಿಕೆಯಾಯಿತು.

ಬೀರಪ್ಪ ಬಂದ. ಬಂದ ಅನ್ನುವುದಕ್ಕಿಂತ ಮಾಳಪ್ಪ ಎಳೆದು ತಂದರು. "ಹರ್ನಿಯಾ ತಿರುಗಿ ಬರ್ತದಂತ್ರಿ, ನೋಡ್ರಿ ಸಾಹೇಬ್ರ," ಎಂದು ಅಳಿಯನ ಎದುರು ಜೋರಾಗಿ ಹೇಳಿ, ತಾವು ಹೊರಗೆ ಕೂರುತ್ತಿದ್ದರು. ನಾನು ನೋಡಿ ಛಲೋ ಅದ ಎಂದರೆ ಬಾಗಿಲಲ್ಲಿ ತಲೆ ಹಾಕಿ, "ಇನ್ನೊಮ್ಮಿ ನೋಡ್ರಿ," ಅನ್ನುತ್ತಿದ್ದರು. ನಾನು ಇನ್ನೊಮ್ಮೆ ನೋಡುತ್ತಿದ್ದೆ. ಮಾವನ ಹಟಕ್ಕೆ ಬೀರಪ್ಪ ನಗುತ್ತಿದ್ದ. ಮಾವನಿಗೆ ಏನೂ ಗೊತ್ತಿಲ್ಲ ಎಂಬ ನೆಮ್ಮದಿಯ ನಗು ಅದು. ಇಬ್ಬರ ನಡುವೆ ಬಾಯಿ ಮುಚ್ಚಿಕೊಂಡು ನಿಲ್ಲುವುದು ನನ್ನ ಕೆಲಸ. ನನಗೆ ಬೀದರಿಗೆ ವರ್ಗವಾದ ಮೇಲೂ, ನಿವೃತ್ತಿಯಾದ ಮೇಲೂ, ಸ್ಕ್ಯಾನ್ ಮುಗಿಸಿಕೊಂಡು ಅವರು ಮೈಲೂರಿನ ಮನೆಗೇ ಬರುತ್ತಿದ್ದರು.

ಹೋದ ವರ್ಷ ಬರಬೇಕಾದ ತಿಂಗಳಿಗೆ ಬರಲಿಲ್ಲ. ಮುಂದಿನ ತಿಂಗಳೂ ಬರಲಿಲ್ಲ. ಫೋನು ಹತ್ತಲಿಲ್ಲ. ನನ್ನ ಹೆಂಡತಿಗೆ ನನ್ನ ಮುಖ ನೋಡಿಯೇ ತಿಳಿಯುತ್ತಿತ್ತು, "ಮತ್ತ ಆ ಮೆಹಕರದಾಂವ ನೆನಪಾದ್ನೇನು?" ಎನ್ನುತ್ತಿದ್ದಳು. ಔರಾದಿನ ಬೆಲ್ಟು ಕನಸಿಗೂ ಬರತೊಡಗಿತು.

ಒಂದು ಮಧ್ಯಾಹ್ನ ಗೇಟು ಸದ್ದಾಯಿತು. ಬೀರಪ್ಪ, ಅವನ ಹಿಂದೆ ಹೆಂಡತಿ ಶಾಂತಮ್ಮ. ಮಾಳಪ್ಪ ಇರಲಿಲ್ಲ.

"ಅಪ್ಪ ತೀರಿಕೊಂಡ್ರಿ. ಅದಕ್ಕ ತಡ ಆತು," ಎಂದಳು ಶಾಂತಮ್ಮ.

ಬೀರಪ್ಪ ಹಳೆಯ ಅಭ್ಯಾಸದಂತೆ ಗೋಡೆ ನೋಡುತ್ತಿದ್ದ. "ಹರ್ನಿಯಾ ತೋರಸ್ಲಾಕ ಬಂದೀನ್ರಿ," ಎಂದ. ನಾನು ಶಾಂತಮ್ಮನಿಗೆ ಹೊರಗೆ ಕೂರಮ್ಮ ಎನ್ನಬೇಕೆಂದು ಬಾಯಿ ತೆರೆದೆ. ಆಕೆ ಅಲುಗಲಿಲ್ಲ.

"ಉಳದದ್ದು ಒಂದೇ ಅದ ಸಾಹೇಬ್ರ. ಛಂದಾಗಿ ನೋಡ್ರಿ," ಎಂದಳು.

ಬೀರಪ್ಪ ಗೋಡೆಯಿಂದ ಕಣ್ಣು ಕಿತ್ತು ಅವಳ ಕಡೆ ತಿರುಗಿದ. "ನಿನಗ ಯಾರು ಹೇಳಿದ್ರು?" ಎಂದ, ಕೇಳಿಯೂ ಕೇಳದ ದನಿಯಲ್ಲಿ.

"ಯಾರು ಹೇಳಬೇಕು? ಮದಿವ್ಯಾದಾಗಿಂದ ಗೊತ್ತದ. ನೀವು ಅಂಜತೀರಂತ ಸುಮ್ನಿದ್ದೆ." ಆಮೇಲೆ ನನ್ನ ಕಡೆ ತಿರುಗಿದಳು. "ಅಪ್ಪ ಹೋಗೂಕಿಂತ ಮೊದಲ ಒಂದೇ ಮಾತು ಹೇಳ್ಯಾನ್ರಿ. ವರ್ಷಕ್ಕೊಮ್ಮಿ ಡಾಕ್ಟರ್ ಕಡಿ ಕರಕೊಂಡು ಹೋಗು, ಎರಡು ಸಲ ನೋಡ್ರಂತ ಹೇಳು ಅಂತ. ಯಾಕಂತ ಅಂವಾ ಹೇಳಲಿಲ್ಲ. ನಾ ಕೇಳಲಿಲ್ಲ."

ಬೀರಪ್ಪ ಕುರ್ಚಿಯ ಮೇಲೆ ಕೂತುಬಿಟ್ಟ. ಎರಡೂ ಕೈಯಿಂದ ಮುಖ ಮುಚ್ಚಿಕೊಂಡು, "ಮಾವಗೂ ಗೊತ್ತಿತ್ತಾ?" ಎಂದ. ಆಮೇಲೆ ತಾನೇ ಎದ್ದು ಹೋಗಿ ಮಂಚದ ಮೇಲೆ ಮಲಗಿದ.

ನಾನು ಕೈ ತೊಳೆದುಕೊಂಡೆ. ವಯಸ್ಸಾದ ಬೆರಳುಗಳು, ಅವುಗಳ ಮೇಲೆ ಈಗ ನನಗೇ ಪೂರಾ ನಂಬಿಕೆ ಇಲ್ಲ. ಉಳಿದ ಒಂದನ್ನು ಮುಟ್ಟಿ ನೋಡಿದೆ. ಮೆತ್ತಗೆ, ನುಣ್ಣಗೆ, ಇರಬೇಕಾದ ಹಾಗೆ ಇತ್ತು. ಗಟ್ಟಿ ಎಲ್ಲೂ ಸಿಗಲಿಲ್ಲ.

"ಛಲೋ ಅದ," ಎಂದೆ.

"ಇನ್ನೊಮ್ಮಿ ನೋಡ್ರಿ," ಎಂದಳು ಶಾಂತಮ್ಮ.

ನಾನು ಇನ್ನೊಮ್ಮೆ ನೋಡಿದೆ.